ಕೊಳಗ ಮತ್ತು ಮತಪೆಟ್ಟಿಗೆ

ಮತದಾರನು ಪಕ್ಷವನ್ನು ಆರಿಸುವುದು ಜಾತಿಯನ್ನು ನೋಡಿಯೋ ತತ್ತ್ವವನ್ನು ನೋಡಿಯೋ ಎಂಬ ಪ್ರಶ್ನೆಗೆ ಉತ್ತರ ಹೇಳುವಾಗ ನಮ್ಮ ವಿದ್ಯಾವಂತರು ಬಹಳ ಅವಸರಪಡುತ್ತಾರೆ. ಸಾಗರ ತಾಲ್ಲೂಕಿನ ಕಾಗೋಡಿನ ಕಥೆಯನ್ನು ಬಲ್ಲವರು ಅಷ್ಟು ಅವಸರಪಡಲಾರರು.

ಅಲ್ಲಿ ಭೂಮಿ ಒಡೆಯರದು. ಗೇಯುವವರು ಬಹುಮಟ್ಟಿಗೆ ದೀವರು. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗವು ಸರ್ಕಾರಿ ಅಳತೆಗಿಂತ ದೊಡ್ಡದಾಗಿರುತ್ತಿತ್ತು. 1951ರಲ್ಲಿ ಗೇಣಿದಾರರು ನ್ಯಾಯವಾದ ಕೊಳಗವನ್ನು ಕೇಳಿದರು, ನೆಲವನ್ನು ಕಳೆದುಕೊಂಡರು, ಅದೇ ನೆಲಕ್ಕಿಳಿದು ಸೆರೆಮನೆ ಸೇರಿದರು. ಎಚ್. ಗಣಪತಿಯಪ್ಪನವರ ಮುಂದಾಳುತನದ ಆ ರೈತರ ಬೆನ್ನಿಗೆ ಸಮಾಜವಾದಿ ಪಕ್ಷ ನಿಂತಿತು. ರಾಮಮನೋಹರ ಲೋಹಿಯಾ ತಾವೇ ಬಂದು ಬಂಧನಕ್ಕೊಳಗಾದರು.

1952ರ ಚುನಾವಣೆಯಲ್ಲಿ ಮೈಸೂರು ರಾಜ್ಯವೆಲ್ಲ ಕಾಂಗ್ರೆಸ್ಸಿನ ಕಡೆಗೆ ವಾಲಿದಾಗ, ಸಾಗರ–ಹೊಸನಗರ ಕ್ಷೇತ್ರವು ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಆರಿಸಿ ಕಳುಹಿಸಿತು. ಗೌಡರು ದೀವರವರಲ್ಲ. ಹಾಗಾದರೆ ಗೆದ್ದದ್ದು ತತ್ತ್ವವೇ? ಪೂರ್ತಿ ಹಾಗೆನ್ನಲಾಗದು. ದೊಡ್ಡ ಕೊಳಗದ ಭಾರ ಹೆಚ್ಚಾಗಿ ಒಂದೇ ಜಾತಿಯ ಬೆನ್ನ ಮೇಲೆ ಬಿದ್ದಿತ್ತು. ಆ ನೋವಿಗೆ ಜಾತಿಯನ್ನು ಮೀರಿದ ಮಾತನ್ನು ಸಮಾಜವಾದ ಒದಗಿಸಿತು. ಆ ಮಾತಿಲ್ಲದಿದ್ದರೆ ಅದು ಊರೊಳಗಿನ ಜಗಳವಾಗಿಯೇ ಉಳಿಯುತ್ತಿತ್ತೆಂದು ನನಗನಿಸುತ್ತದೆ. 1957ರಲ್ಲಿ ಗೌಡರು ಸೋತರು; 1962ರಲ್ಲಿ, 1967ರಲ್ಲಿ ಮತ್ತೆ ಗೆದ್ದರು.

ಅದೇ 1967ರಲ್ಲಿ ಲಿಪ್ಸೆಟ್ ಮತ್ತು ರೊಕ್ಕಾನ್ ಎಂಬ ವಿದ್ವಾಂಸರು ಯೂರೋಪಿನ ಪಕ್ಷಗಳನ್ನು ಕುರಿತು ಒಂದು ವಾದವನ್ನು ಮಂಡಿಸಿದರು. ಕೇಂದ್ರ–ಅಂಚು, ಚರ್ಚು–ಪ್ರಭುತ್ವ, ಭೂಮಿ–ಕೈಗಾರಿಕೆ, ಮಾಲಿಕ–ಕಾರ್ಮಿಕ ಎಂಬ ಹಳೆಯ ಬಿರುಕುಗಳ ಮೇಲೆ ಹುಟ್ಟಿದ ಪಕ್ಷಗಳು 1920ರ ದಶಕದಲ್ಲಿದ್ದ ರೂಪದಲ್ಲೇ ಹೆಪ್ಪುಗಟ್ಟಿ ನಿಂತಿವೆ ಎಂಬುದು ಅದರ ಸಾರ.

ಮಲೆನಾಡಿನಲ್ಲಿ ಹೆಪ್ಪು ನಿಲ್ಲಲಿಲ್ಲ. 1974ರ ಭೂಸುಧಾರಣೆ ಗೇಣಿಯನ್ನೇ ತೆಗೆದುಹಾಕಿತು. ತಂದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ; ಹೋರಾಡಿದವರು ಸಮಾಜವಾದಿಗಳು. ಗೋಪಾಲಗೌಡರು ಅದನ್ನು ನೋಡಲು ಬದುಕಿರಲಿಲ್ಲ, 1972ರಲ್ಲಿಯೇ ತೀರಿಕೊಂಡಿದ್ದರು. ಗೇಣಿದಾರನು ಭೂಮಿಯ ಒಡೆಯನಾದ ಮೇಲೆ ಕೊಳಗದ ಜಗಳವೆಲ್ಲಿ? ಉಳಿದದ್ದು ಬಂಧುತ್ವ, ಅಭಿಮಾನ. 1967ರಲ್ಲಿ ಸಮಾಜವಾದಿಯಾಗಿ ಸೊರಬದಿಂದ ಗೆದ್ದಿದ್ದ, ದೀವರವರೇ ಆದ ಎಸ್. ಬಂಗಾರಪ್ಪನವರು ಶಿವಮೊಗ್ಗದಿಂದ ಲೋಕಸಭೆಗೆ 1996ರಲ್ಲಿ ತಮ್ಮದೇ ಪಕ್ಷದಿಂದಲೂ, 1999ರಲ್ಲಿ ಕಾಂಗ್ರೆಸ್ಸಿನಿಂದಲೂ, 2004ರಲ್ಲಿ ಭಾರತೀಯ ಜನತಾ ಪಕ್ಷದಿಂದಲೂ, ಮರುವರ್ಷವೇ ಸಮಾಜವಾದಿ ಪಕ್ಷದಿಂದಲೂ ಆರಿಸಿಬಂದರು. ಗುರುತು ಬದಲಾಯಿತು, ಮನುಷ್ಯ ಬದಲಾಗಲಿಲ್ಲ. ಮತದಾರನಿಗೆ ತತ್ತ್ವವಿಲ್ಲವೆಂದು ಇದನ್ನು ಕಂಡು ನಕ್ಕವರು 1952ರಲ್ಲಿ ಅದೇ ಮನೆಗಳವರು ಏಕೆ ಜೈಲಿಗೆ ಹೋಗಿಬಂದು ಮತ ಹಾಕಿದರೆಂಬುದನ್ನೂ ವಿವರಿಸಬೇಕಾಗುತ್ತದೆ.

2009ರಲ್ಲಿ ಬಂಗಾರಪ್ಪನವರು ಕಾಂಗ್ರೆಸ್ಸಿನಿಂದ ಮತ್ತೆ ನಿಂತರು. ಆ ಸಲ ಕ್ಷೇತ್ರ ಅವರ ಹಿಂದೆ ಬರಲಿಲ್ಲ.