ಹಳೆಯ ಸೈಕಲ್ಲುಗಳ ಅಂತರಜಾಲ ವಹಿವಾಟು: ಖರೀದಿ ಚೀಟಿ ಮತ್ತು ತೆರಿಗೆ

ಬಳಸಿದ ಸೈಕಲ್ಲಿನ ಕ್ರಯವಿಕ್ರಯವು ಒಂದು ಕಾಲದಲ್ಲಿ ಬಡಾವಣೆಯ ಸೈಕಲ್ ಶಾಪಿನ ಎಲ್ಲೆಯೊಳಗೇ ಮುಗಿಯುತ್ತಿದ್ದ ವ್ಯವಹಾರವಾಗಿತ್ತು. ಮಾರಲು ಬಂದವನು ಯಾರ ಮಗ, ಕೊಳ್ಳಲು ಬಂದವನು ಯಾವ ಗಿರಣಿಯ ನೌಕರ ಎಂಬುದು ಅಂಗಡಿಯ ಮಾಲೀಕನಿಗೆ ತಿಳಿದಿರುತ್ತಿತ್ತು. ಆ ಪರಿಚಯವೇ ಸರಕಿಗೂ ಹಣಕ್ಕೂ ಭದ್ರತೆಯಾಗಿತ್ತು. ಓಎಲ್‌ಎಕ್ಸ್, ಕ್ವಿಕರ್ ಮುಂತಾದ ವರ್ಗೀಕೃತ ಜಾಹೀರಾತುಗಳ ಜಾಲತಾಣಗಳು ಬಳಕೆಗೆ ಬಂದ ಮೇಲೆ ಈ ಎಲ್ಲೆ ಅಳಿಸಿಹೋಗಿದೆ. ಬೆಂಗಳೂರಿನ ವಸತಿ ಸಮುಚ್ಚಯವೊಂದರಲ್ಲಿ ಧೂಳು ಹಿಡಿದು ನಿಂತಿರುವ ಗೇರ್ ಸೈಕಲ್ಲನ್ನು ದಾವಣಗೆರೆಯ ವ್ಯಾಪಾರಿಯು ಮೊಬೈಲ್ ಫೋನಿನಲ್ಲಿ ನೋಡಿ, ದರ ಕುದುರಿಸಿ, ಮರುದಿನವೇ ತರಿಸಿಕೊಳ್ಳಬಲ್ಲನು. ಮಾರುಕಟ್ಟೆ ವಿಸ್ತಾರವಾಯಿತೆಂಬುದು ಸಂತೋಷದ ಸಂಗತಿ. ಆದರೆ ಪರಿಚಯವೆಂಬ ಭದ್ರತೆ ಹೋದ ಜಾಗದಲ್ಲಿ ಬೇರಾವ ಭದ್ರತೆಯನ್ನೂ ಬಹುತೇಕ ವ್ಯಾಪಾರಸ್ಥರು ಇನ್ನೂ ಸ್ಥಾಪಿಸಿಕೊಂಡಿಲ್ಲ.

ಮೋಟಾರು ವಾಹನಕ್ಕೆ ನೋಂದಣಿ ಪ್ರಮಾಣಪತ್ರವಿದೆ. ಮಾಲೀಕತ್ವ ಬದಲಾದರೆ ಸಾರಿಗೆ ಕಚೇರಿಯಲ್ಲಿ ದಾಖಲಾಗುತ್ತದೆ. ಸೈಕಲ್ಲಿಗೆ ಅಂತಹ ಯಾವ ಪತ್ರವೂ ಇಲ್ಲ. ಹಿಂದೆ ಅನೇಕ ಪುರಸಭೆಗಳು ವಾರ್ಷಿಕ ಶುಲ್ಕ ಪಡೆದು ಸೈಕಲ್ಲಿಗೆ ಪರವಾನಗಿ ಬಿಲ್ಲೆ ನೀಡುತ್ತಿದ್ದುದನ್ನು ಹಿರಿಯ ಸದಸ್ಯರು ಸ್ಮರಿಸಿಕೊಳ್ಳಬಹುದು. ಆ ಬಿಲ್ಲೆಯನ್ನು ಆಗ ಎಲ್ಲರೂ ಶಪಿಸುತ್ತಿದ್ದರು. ಆದರೂ ಅದು ಒಂದು ಗುರುತಾಗಿತ್ತು. ಇಂದು ಸೈಕಲ್ಲಿನ ಮೇಲೆ ಉಳಿದಿರುವ ಏಕೈಕ ಗುರುತೆಂದರೆ ತಯಾರಕರು ಫ್ರೇಮಿನ ಮೇಲೆ, ಸಾಮಾನ್ಯವಾಗಿ ಪೆಡಲ್‌ಗಳ ನಡುವಿನ ಭಾಗದ ಅಡಿಯಲ್ಲಿ, ಒತ್ತಿರುವ ಸಂಖ್ಯೆ. ಈ ಸಂಖ್ಯೆಯನ್ನು ನಮೂದಿಸಿ, ಮಾರಿದವನ ಸಹಿ ಪಡೆದ ಖರೀದಿ ಚೀಟಿಯೊಂದೇ ವ್ಯಾಪಾರಿಯ ಪಾಲಿಗೆ ನೋಂದಣಿ ಪತ್ರದ ಸ್ಥಾನದಲ್ಲಿ ನಿಲ್ಲುವ ದಾಖಲೆಯಾಗಿದೆ. ಕಳವು ಮಾಲಿನ ಆರೋಪದಿಂದ ಪಾರಾಗುವುದಕ್ಕೂ, ಸರಕು ಮತ್ತು ಸೇವಾ ತೆರಿಗೆಯನ್ನು ನ್ಯಾಯವಾದ ಮೊತ್ತದ ಮೇಲೆ ಮಾತ್ರ ಕಟ್ಟುವುದಕ್ಕೂ ಇದೇ ಚೀಟಿ ಆಧಾರ.

ಮಾರುವವನ ಹಕ್ಕು

1930ರ ಸರಕು ಮಾರಾಟ ಕಾಯಿದೆಯ 27ನೇ ಕಲಮಿನ ತಿರುಳು ಸರಳವಾಗಿದೆ: ಮಾರುವವನಿಗೆ ಇರುವ ಹಕ್ಕಿಗಿಂತ ಹೆಚ್ಚಿನ ಹಕ್ಕು ಕೊಳ್ಳುವವನಿಗೆ ದೊರೆಯದು. ಕದ್ದ ಸೈಕಲ್ಲು ಮೂರು ಕೈ ಬದಲಾಗಿ, ಮೂವರೂ ಪೂರ್ಣ ಬೆಲೆ ತೆತ್ತಿದ್ದರೂ, ನಿಜವಾದ ಮಾಲೀಕ ಬಂದು ಫ್ರೇಮ್ ಸಂಖ್ಯೆ ತೋರಿಸಿದರೆ ಅದು ಅವನದೇ. ಅಷ್ಟೇ ಅಲ್ಲ, ಅದೇ ಕಾಯಿದೆಯ 14ನೇ ಕಲಮಿನ ಪ್ರಕಾರ ಮಾರಾಟಗಾರನಿಗೆ ಮಾರುವ ಹಕ್ಕಿದೆ ಎಂಬುದು ಪ್ರತಿಯೊಂದು ಮಾರಾಟದಲ್ಲಿಯೂ ಅಡಕವಾಗಿರುವ ಷರತ್ತು. ಆದುದರಿಂದ ಅಂಗಡಿಯಿಂದ ಆ ಸೈಕಲ್ಲನ್ನು ಕೊಂಡ ಗ್ರಾಹಕನು ವ್ಯಾಪಾರಿಯಿಂದ ಹಣ ಹಿಂದಕ್ಕೆ ಕೇಳಬಹುದು. ವ್ಯಾಪಾರಿಯು ತನಗೆ ಮಾರಿದವನನ್ನು ಹುಡುಕಿಕೊಂಡು ಹೋಗಬೇಕು. ಜಾಹೀರಾತು ಅಳಿಸಿಹೋಗಿ, ಫೋನ್ ಸಂಖ್ಯೆ ಸ್ತಬ್ಧವಾಗಿರುವಾಗ ಎಲ್ಲಿಗೆ ಹೋಗುವುದು?

ಹಣ ಹೋದರೆ ಒಂದು ನಷ್ಟ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ, ಕಳವಿನ ಮಾಲೆಂದು ತಿಳಿದಿದ್ದು ಅಥವಾ ಹಾಗೆಂದು ನಂಬಲು ಕಾರಣವಿದ್ದು ಅದನ್ನು ಅಪ್ರಾಮಾಣಿಕವಾಗಿ ಪಡೆಯುವವನು 3 ವರ್ಷಗಳವರೆಗಿನ ಸೆರೆವಾಸಕ್ಕೆ, ದಂಡಕ್ಕೆ ಅಥವಾ ಎರಡಕ್ಕೂ ಗುರಿಯಾಗಬಹುದು. ಇಲ್ಲಿ ‘ನಂಬಲು ಕಾರಣವಿದ್ದು’ ಎಂಬ ಮಾತನ್ನು ವ್ಯಾಪಾರಸ್ಥರು ಚೆನ್ನಾಗಿ ಮನಗಾಣಬೇಕು. ಹೊಸದಾಗಿ 30 ಸಾವಿರ ಬೆಲೆಬಾಳುವ, ಟೈರು ಸಹ ಸವೆಯದ ಸೈಕಲ್ಲನ್ನು ಒಬ್ಬ ಅಪರಿಚಿತ 4 ಸಾವಿರಕ್ಕೆ ಕೊಡಲು ಮುಂದಾದರೆ, ಬಿಲ್ಲು ಕೇಳಿದಾಗ ಕಳೆದುಹೋಗಿದೆ ಎಂದರೆ, ಫ್ರೇಮ್ ಸಂಖ್ಯೆಯನ್ನು ಅರದಿಂದ ಉಜ್ಜಿದ ಗುರುತು ಕಂಡರೆ, ನಂಬಲು ಕಾರಣ ಸಾಕಷ್ಟಿದೆಯೆಂದೇ ತನಿಖಾಧಿಕಾರಿ ಹೇಳುವನು. ಇಂತಹ ಸೈಕಲ್ಲಿನಿಂದ ಬರಬಹುದಾದ ಲಾಭವನ್ನು ಬಿಟ್ಟುಬಿಡುವುದೇ ವ್ಯಾಪಾರ. ಸಂಶಯಾಸ್ಪದ ವಸ್ತುವನ್ನು ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ. ಆದರೆ ಕ್ರಮಬದ್ಧ ಖರೀದಿ ಚೀಟಿ, ಬ್ಯಾಂಕ್ ಮೂಲಕ ಸಂದಾಯ, ಜಾಹೀರಾತಿನ ಪ್ರತಿ ಇವು ಮೂರೂ ಇದ್ದ ವ್ಯಾಪಾರಿ ಆರೋಪಿಯ ಸ್ಥಾನದಿಂದ ಸಾಕ್ಷಿಯ ಸ್ಥಾನಕ್ಕೆ ಸರಿಯುವ ಸಾಧ್ಯತೆ ಹೆಚ್ಚು.

ಸೈಕಲ್ಲಿನ ವ್ಯಾಪಾರದಲ್ಲಿಯೇ ವಿಶೇಷವಾಗಿ ಎದುರಾಗುವ ಇನ್ನೊಂದು ತೊಡಕಿದೆ. ಜಾಹೀರಾತು ಹಾಕುವವರಲ್ಲಿ ಶಾಲಾ ಕಾಲೇಜು ವಿದ್ಯಾರ್ಥಿಗಳೂ ಇರುತ್ತಾರೆ. ಹದಿನೆಂಟು ತುಂಬದವನೊಡನೆ ಮಾಡಿಕೊಂಡ ಕರಾರು ಆರಂಭದಿಂದಲೇ ಅಸಿಂಧುವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿತು. ವಾಣಿಜ್ಯ ಪದವೀಧರರೆಲ್ಲರೂ ಓದಿರುವ ಈ ತೀರ್ಪು ಇಂದಿಗೂ ನೆಲೆ ನಿಂತಿದೆ. ಹುಡುಗ ಪರೀಕ್ಷಾ ಶುಲ್ಕಕ್ಕೆಂದು ಮಾರಿದ ಸೈಕಲ್ಲನ್ನು ತಂದೆ ಮರುದಿನ ಬಂದು ಕೇಳಿದರೆ ವ್ಯಾಪಾರಿಯ ಬಳಿ ಉತ್ತರವಿರುವುದಿಲ್ಲ. ಆದಕಾರಣ ಚೀಟಿಗೆ ತಂದೆ ಅಥವಾ ತಾಯಿಯ ಸಹಿಯನ್ನೇ ಪಡೆಯಬೇಕು.

ತೆರಿಗೆ ಯಾವ ಮೊತ್ತದ ಮೇಲೆ?

ಮನೆಯಲ್ಲಿ ಬಳಸಿದ ಸೈಕಲ್ಲನ್ನು ಒಬ್ಬ ವ್ಯಕ್ತಿ ಮಾರಿದರೆ ಅದು ವ್ಯಾಪಾರವಲ್ಲ, ಜಿ.ಎಸ್.ಟಿ. ಅನ್ವಯಿಸುವುದಿಲ್ಲ. ಸ್ವಂತ ಬಳಕೆಯ ಚರವಸ್ತುವಾದುದರಿಂದ ಬಂಡವಾಳ ಲಾಭದ ತೆರಿಗೆಯ ಪ್ರಶ್ನೆಯೂ ಏಳುವುದಿಲ್ಲ. ಆದರೆ ತಿಂಗಳಿಗೆ ಹತ್ತು ಸೈಕಲ್ ಕೊಂಡು ಮಾರುವವನು ಪ್ರತಿ ಜಾಹೀರಾತಿನಲ್ಲೂ ‘ಮಾಲೀಕರಿಂದ ನೇರ’ ಎಂದು ಬರೆದುಕೊಂಡ ಮಾತ್ರಕ್ಕೆ ವ್ಯಾಪಾರಿಯಲ್ಲವೆಂದಾಗದು. ವಾರ್ಷಿಕ ಒಟ್ಟು ವಹಿವಾಟು 40 ಲಕ್ಷ ರೂ. ಮೀರದೆ, ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ಸಾಮಾನ್ಯವಾಗಿ ನೋಂದಣಿಯ ಅಗತ್ಯವಿಲ್ಲ. ಬೆಳಗಾವಿಯ ವ್ಯಾಪಾರಿಯು ಜಾಹೀರಾತು ನೋಡಿ ಕೇಳಿದ ಕೊಲ್ಹಾಪುರದ ಗ್ರಾಹಕನಿಗೆ ಒಂದೇ ಒಂದು ಸೈಕಲ್ಲನ್ನು ಕಳುಹಿಸಿಕೊಟ್ಟರೂ ಅದು ಅಂತರರಾಜ್ಯ ಪೂರೈಕೆಯಾಗುತ್ತದೆ. ಆಗ 40 ಲಕ್ಷದ ಮಿತಿಯ ರಕ್ಷಣೆ ದೊರೆಯದು. ಗಡಿ ಜಿಲ್ಲೆಗಳ ಸಣ್ಣ ಅಂಗಡಿಗಳು ಈ ಬಲೆಗೆ ಅರಿವಿಲ್ಲದೆಯೇ ಬೀಳಬಹುದು. ಏಕೆಂದರೆ ಜಾಹೀರಾತಿಗೆ ಗಡಿಯಿಲ್ಲ.

ಇನ್ನು ನೋಂದಾಯಿತ ವ್ಯಾಪಾರಿಗಳ ವಿಷಯ. ಕೇಂದ್ರ ಜಿ.ಎಸ್.ಟಿ. ನಿಯಮಗಳ 32(5)ನೇ ನಿಯಮವು ಬಳಸಿದ ಸರಕುಗಳ ವ್ಯಾಪಾರಿಗೆ ಒಂದು ಮಹತ್ವದ ಸೌಲಭ್ಯವನ್ನು ನೀಡಿದೆ. ಸರಕನ್ನು ಇದ್ದಂತೆಯೇ ಅಥವಾ ಅದರ ಸ್ವರೂಪ ಬದಲಾಗದಂತಹ ಸಣ್ಣಪುಟ್ಟ ದುರಸ್ತಿ ಮಾಡಿ ಮಾರಿದರೆ, ಮತ್ತು ಆ ಸರಕಿನ ಖರೀದಿಯ ಮೇಲೆ ಇನ್‌ಪುಟ್ ತೆರಿಗೆ ಜಮೆ ಪಡೆಯದಿದ್ದರೆ, ತೆರಿಗೆಯನ್ನು ಪೂರ್ಣ ಮಾರಾಟ ಬೆಲೆಯ ಮೇಲಲ್ಲದೆ ಮಾರಾಟ ಬೆಲೆಗೂ ಖರೀದಿ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ಕಟ್ಟಬಹುದು. ಸೈಕಲ್ಲಿನ ಮೇಲಿನ ತೆರಿಗೆ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಒಂದು ಗೇರ್ ಸೈಕಲ್ಲನ್ನು 3,000 ರೂ.ಗೆ ಕೊಂಡು, ಟೈರು, ಬ್ರೇಕು, ಚೈನಿಗೆ 600 ರೂ. ವೆಚ್ಚ ಮಾಡಿ, ತೆರಿಗೆ ಹೊರತು 4,500 ರೂ.ಗೆ ಮಾರಲಾಯಿತೆಂದಿಟ್ಟುಕೊಳ್ಳೋಣ. ಅಂತರ 1,500 ರೂ.; ಶೇ. 5ರಂತೆ ತೆರಿಗೆ 75 ರೂ. ಖರೀದಿಗೆ ರುಜುವಾತು ಇಲ್ಲವಾದಲ್ಲಿ ಅಧಿಕಾರಿಯು 4,500 ರೂ. ಪೂರ್ಣ ಮೊತ್ತದ ಮೇಲೆ 225 ರೂ. ಕೇಳಬಹುದು. ಒಂದು ಸೈಕಲ್ಲಿಗೆ 150 ರೂ. ವ್ಯತ್ಯಾಸ ಅಲ್ಪವೆನಿಸಬಹುದು. ವರ್ಷಕ್ಕೆ 200 ಸೈಕಲ್ ಮಾರುವ ಅಂಗಡಿಗೆ ಅದು 30,000 ರೂ. ಆಗುತ್ತದೆ, ಬಡ್ಡಿ, ದಂಡ ಬೇರೆ.

ಈ ಲೆಕ್ಕದಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ದುರಸ್ತಿಯ 600 ರೂ.ಗಳನ್ನೂ ಕಳೆದು 900 ರೂ. ಮೇಲೆ ತೆರಿಗೆ ಕಟ್ಟಿದರೆ ಅದು ಸರಿಯಲ್ಲ. ಆದಾಯ ತೆರಿಗೆಗೆ ಲಾಭ 900 ರೂ. ಇರಬಹುದು, ಆದರೆ ಜಿ.ಎಸ್.ಟಿ. ನಿಯಮವು ಖರೀದಿ ಬೆಲೆಯನ್ನು ಮಾತ್ರ ಕಳೆಯಲು ಹೇಳುತ್ತದೆ. ಹಾಗೆಯೇ ಒಂದು ಸೈಕಲ್ಲಿನಲ್ಲಿ ನಷ್ಟವಾದರೆ ಆ ಋಣ ಅಂತರವನ್ನು ಗಣನೆಗೆ ತೆಗೆದುಕೊಳ್ಳುವಂತಿಲ್ಲ. ಮತ್ತೊಂದರ ಲಾಭದೊಡನೆ ವಜಾ ಹಾಕಲಾಗದು. ಆದ್ದರಿಂದ ತಿಂಗಳ ಒಟ್ಟು ಖರೀದಿ, ಒಟ್ಟು ಮಾರಾಟ ಎಂಬ ಎರಡು ಮೊತ್ತಗಳು ಸಾಲವು. ಪ್ರತಿ ಸೈಕಲ್ಲಿಗೂ ಒಂದು ಸಾಲು ಮೀಸಲಿಟ್ಟು, ಫ್ರೇಮ್ ಸಂಖ್ಯೆ, ಖರೀದಿ ಚೀಟಿಯ ಸಂಖ್ಯೆ, ಕೊಂಡ ಬೆಲೆ, ಮಾರಿದ ಬೆಲೆ, ಬಿಲ್ಲಿನ ಸಂಖ್ಯೆ ಇವುಗಳನ್ನು ಬರೆದಿಡುವ ವಹಿ ಅತ್ಯಗತ್ಯ.

ಮೂರು ಹಳೆಯ ಸೈಕಲ್ಲುಗಳನ್ನು ಬಿಚ್ಚಿ, ಒಂದರ ಫ್ರೇಮಿಗೆ ಹೊಸ ಫೋರ್ಕು, ಹೊಸ ಚಕ್ರ ಜೋಡಿಸಿ, ಬಣ್ಣ ಹಚ್ಚಿ ಮಾರುವ ಸಣ್ಣ ಉದ್ದಿಮೆದಾರರು ಇನ್ನೂ ಎಚ್ಚರ ವಹಿಸಬೇಕು. ಅದನ್ನು ಸಣ್ಣಪುಟ್ಟ ದುರಸ್ತಿಯೆಂದು ಸಮರ್ಥಿಸುವುದು ಕಷ್ಟ. ಅಂತರದ ಸೌಲಭ್ಯ ಕೈತಪ್ಪಬಹುದು. ಹಳೆಯ ಅಥವಾ ನವೀಕರಿಸಿದ ವಸ್ತುವನ್ನು ಹೊಸದೆಂದು ಬಿಂಬಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೂ ಹೌದು. ಕಾವಲುಗಾರರಿಗೆಂದು ಕೊಂಡ ಸೈಕಲ್ಲುಗಳನ್ನು ಮಾರಿಬಿಡುವ ಕಾರ್ಖಾನೆಗಳು, ಕೊಂಡಾಗ ತೆರಿಗೆ ಜಮೆ ಪಡೆದಿದ್ದರೆ, ಈ ಸೌಲಭ್ಯಕ್ಕೆ ಅರ್ಹವಲ್ಲ.

ತೆರಿಗೆ ದರ ಇಳಿದುದರ ಇನ್ನೊಂದು ಪರಿಣಾಮ ಹಳೆಯ ಸೈಕಲ್ಲಿನ ಬೆಲೆಯ ಮೇಲೆಯೇ ಆಗಿದೆ. ತೆರಿಗೆ ಹೊರತು 10,000 ರೂ. ಬೆಲೆಯ ಹೊಸ ಸೈಕಲ್ಲಿಗೆ ಗ್ರಾಹಕ ಮೊದಲು 11,200 ರೂ. ತೆರುತ್ತಿದ್ದನು, ದರ ಇಳಿದ ಮೇಲೆ 10,500 ರೂ. ಹೊಸದರ ಬೆಲೆ 700 ರೂ. ಇಳಿದಾಗ ಅದರ ಎರಡು ವರ್ಷ ಹಳೆಯ ಜೋಡಿಯ ಬೆಲೆ ಹಾಗೆಯೇ ನಿಲ್ಲಲಾರದು. ಮಾರುವವರು ಮಾತ್ರ ತಾವು ಕೊಂಡ ಹಳೆಯ ಬಿಲ್ಲನ್ನೇ ಹಿಡಿದು ಬೆಲೆ ಹೇಳುತ್ತಾರೆ. ಜಾಹೀರಾತಿನಲ್ಲಿ ಕಾಣುವುದು ಕೇಳಿದ ಬೆಲೆಯೇ ಹೊರತು ಕುದುರಿದ ಬೆಲೆಯಲ್ಲ ಎಂಬುದನ್ನು ಮರೆತು ದಾಸ್ತಾನು ಮಾಡಿದವರಿಗೆ ನಷ್ಟ ಖಚಿತ. ಆ ನಷ್ಟಕ್ಕೆ ಮೇಲೆ ಹೇಳಿದಂತೆ ಜಿ.ಎಸ್.ಟಿ.ಯಲ್ಲಿ ಪರಿಹಾರವಿಲ್ಲ.

ಜಾಲತಾಣದ ಹೊಣೆ ಎಷ್ಟು?

ಜಾಹೀರಾತನ್ನು ಕೇವಲ ಪ್ರಕಟಿಸುವ ತಾಣಕ್ಕೂ, ಗ್ರಾಹಕನಿಂದ ತಾನೇ ಹಣ ಪಡೆದು ಮಾರಾಟಗಾರನಿಗೆ ತಲುಪಿಸುವ ತಾಣಕ್ಕೂ ಕಾನೂನಿನಲ್ಲಿ ಭೇದವಿದೆ. ಎರಡನೆಯದು ಮೂಲದಲ್ಲಿಯೇ ತೆರಿಗೆ ಸಂಗ್ರಹಿಸಬೇಕಾಗುತ್ತದೆ. ಅಲ್ಲಿ ಪ್ರತಿ ಮಾರಾಟಕ್ಕೂ ಹೊರಗಿನ ಲೆಕ್ಕವೊಂದು ಉಳಿಯುತ್ತದೆ. ಮೊದಲನೆಯದರಲ್ಲಿ ಹಣ ನೇರವಾಗಿ ಕೈಯಿಂದ ಕೈಗೆ ಸಾಗುವುದರಿಂದ ತಾಣದ ಬಳಿ ವಹಿವಾಟಿನ ದಾಖಲೆಯೇ ಇರುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೇ ಕಲಮು ಇಂತಹ ಮಧ್ಯವರ್ತಿಗಳಿಗೆ ಷರತ್ತುಬದ್ಧ ರಕ್ಷಣೆ ನೀಡಿದೆ. ಜಾಹೀರಾತು ಸಹ ಕರಾರಿನ ಪ್ರಸ್ತಾವವಲ್ಲ, ಪ್ರಸ್ತಾವಕ್ಕೆ ಆಹ್ವಾನ ಮಾತ್ರ. ‘ಆರು ಸಾವಿರವೆಂದು ಹಾಕಿದ್ದಿರಲ್ಲ’ ಎಂದು ಜಗಳ ತೆಗೆದು ಪ್ರಯೋಜನವಿಲ್ಲ. ಮುಂಗಡ ಕೊಟ್ಟು ಬೆಲೆಯನ್ನು ಸಂದೇಶದಲ್ಲಿ ಬರೆಸಿಕೊಂಡ ಮೇಲೆಯೇ ವ್ಯವಹಾರ ಕುದುರಿದಂತೆ.

ಹಣ ಸಂದಾಯದ ವಂಚನೆಗಳ ಬಗೆಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ತಾನು ಸೇನೆಯಲ್ಲಿದ್ದೇನೆಂದು ಹೇಳಿಕೊಂಡು, ಸೈಕಲ್ಲನ್ನು ನೋಡದೆಯೇ ಪೂರ್ಣ ಬೆಲೆಗೆ ಒಪ್ಪಿ, ‘ಹಣ ಪಡೆಯಲು’ ಕ್ಯೂಆರ್ ಸಂಕೇತ ಕಳುಹಿಸುವವನು ಈಗ ಹಳೆಯ ಪಾತ್ರ. ಯು.ಪಿ.ಐ.ನಲ್ಲಿ ಹಣ ಕೊಡಲು ಮಾತ್ರ ಪಿನ್ ಬೇಕು, ಪಡೆಯಲು ಬೇಡ. ಸಂದಾಯದ ಚಿತ್ರ ತೋರಿಸಿದೊಡನೆ ಸೈಕಲ್ ಒಪ್ಪಿಸದೆ, ಸ್ವಂತ ಬ್ಯಾಂಕ್ ಖಾತೆಯಲ್ಲಿ ಜಮೆಯಾದುದನ್ನು ನೋಡಬೇಕು. ಮೋಸಹೋದವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಖರೀದಿಗೆ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ.ಗೂ ಮೀರಿ ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲವೆಂಬುದನ್ನು ದುಬಾರಿ ಸೈಕಲ್ಲುಗಳ ವ್ಯಾಪಾರಿಗಳು ಲಕ್ಷ್ಯದಲ್ಲಿಡಬೇಕು.

ಖರೀದಿ ಚೀಟಿಗೆ ಮುದ್ರಿತ ನಮೂನೆಯೇನೂ ನಿಗದಿಯಾಗಿಲ್ಲ. ಕ್ರಮಸಂಖ್ಯೆಯುಳ್ಳ ಕಾರ್ಬನ್ ಪ್ರತಿಯ ಪುಸ್ತಕ ಸಾಕು. ದಿನಾಂಕ, ಮಾರಿದವನ ಹೆಸರು, ವಿಳಾಸ, ಫೋನ್ ಸಂಖ್ಯೆ, ಸೈಕಲ್ಲಿನ ತಯಾರಿಕೆ, ಬಣ್ಣ, ಫ್ರೇಮ್ ಸಂಖ್ಯೆ, ಬೆಲೆ, ಹಣ ಕೊಟ್ಟ ಬಗೆ ಇವುಗಳ ಜೊತೆಗೆ ‘ಈ ಸೈಕಲ್ಲು ನನ್ನ ಸ್ವಂತದ್ದು, ಇದರ ಮೇಲೆ ಬೇರಾರ ಹಕ್ಕೂ ಇಲ್ಲ’ ಎಂಬ ಒಂದು ಸಾಲು ಮತ್ತು ಸಹಿ ಇರಬೇಕು. ಗುರುತಿಗೆ ಆಧಾರ್ ಕೊಡುವವರಿಂದ ಮೊದಲ 8 ಅಂಕೆಗಳನ್ನು ಮರೆಮಾಚಿದ ಪ್ರತಿಯನ್ನೇ ಪಡೆಯುವುದು ಇಬ್ಬರಿಗೂ ಕ್ಷೇಮ. ಜಾಹೀರಾತಿನ ಪುಟವನ್ನು ಅದು ಅಳಿಯುವ ಮೊದಲೇ ಮುದ್ರಿಸಿ ಚೀಟಿಗೆ ಲಗತ್ತಿಸಬೇಕು. ಸಂದೇಶಗಳಿರುವ ಫೋನನ್ನು ಮಾರುವಾಗ ಅವುಗಳನ್ನು ಬೇರೆಡೆ ಉಳಿಸಿಕೊಳ್ಳಬೇಕು. ನೋಂದಾಯಿತ ವ್ಯಾಪಾರಿಯು ಈ ಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಯ್ದಿರಿಸತಕ್ಕದ್ದು.