ಶೇಡಬಾಳದ ಮಣ್ಣಿನ ಕಾದಂಬರಿ

ಕಾದಂಬರಿ ಓದಿದರೆ ಮನೆಯ ಹೆಣ್ಣುಮಕ್ಕಳು ಕೆಡುವರೆಂಬ ಮಾತು ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಕೆಲವು ಹಿರಿಯರಲ್ಲಿ ಇನ್ನೂ ಉಳಿದಿದೆ. ಅಂಥವರು ಮಿರ್ಜಿ ಅಣ್ಣಾರಾಯರ ‘ನಿಸರ್ಗ’ವನ್ನು ಒಮ್ಮೆ ಓದಬೇಕೆಂದು ವಿನಂತಿ.

ಅಣ್ಣಾರಾಯರು 1918ರಲ್ಲಿ ಶೇಡಬಾಳದಲ್ಲಿ ಜನಿಸಿದವರು. ಅಂದು ಅಥಣಿ ತಾಲೂಕಿಗೆ ಸೇರಿದ್ದ ಆ ಊರು ಇಂದು ಕಾಗವಾಡ ತಾಲೂಕಿನಲ್ಲಿದೆ. ಅವರು ಚಿತ್ರಿಸಿದ್ದು ಗಡಿನಾಡಿನ ಜೈನ ಒಕ್ಕಲು ಮನೆತನಗಳನ್ನು. ಮನಸ್ಸು ಬಯಸುವುದೊಂದು, ಬಳಗದ ಕಟ್ಟಳೆ ವಿಧಿಸುವುದು ಇನ್ನೊಂದು. ಈ ತಿಕ್ಕಾಟದಲ್ಲಿ ಎಳೆಯ ಜೀವಗಳು ಬೇಯುತ್ತವೆ. ಮನೆತನದ ಮಾನಕ್ಕಾಗಿ ಮುಚ್ಚಿಟ್ಟ ಮಾತುಗಳು ನಮ್ಮ ಲಿಂಗವಂತರ ಮನೆಗಳಲ್ಲಿಯೂ ಇಲ್ಲವೇ? ಕುಲ ಬೇರೆ, ನೋವು ಒಂದೇ. ಪಾತ್ರಗಳಾಡುವ ನುಡಿಯಂತೂ ನಮ್ಮ ಓಣಿಯದೇ.

ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಇನ್ನೂ ನಿಷ್ಠುರರು. ‘ಜರತಾರಿ ಜಗದ್ಗುರು’ ಎಂಬ ಹೆಸರೇ ಮಠದ ಅನ್ನವುಂಡು ಬೆಳೆದ ನನ್ನಂಥವನನ್ನು ಚುಚ್ಚುತ್ತದೆ. ಆದರೂ ಅದನ್ನು ಮುಚ್ಚಿಡಬೇಕೆನ್ನುವ ಪಕ್ಷ ನನ್ನದಲ್ಲ. ಆಚಾರವಿಲ್ಲದ ವೇಷವನ್ನು ಶರಣರೇ ಸಹಿಸಿದವರಲ್ಲ. ಕಾದಂಬರಿಕಾರನು ಸಹಿಸಲಿಲ್ಲವೆಂದು ನಾವೇಕೆ ಮುನಿಯಬೇಕು? 1980ರ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು.

ಬರೆಯಬೇಕಾದುದು ಇನ್ನೂ ಬಹಳವಿದೆ. 1981ರಲ್ಲಿ ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಬೀದಿಗಿಳಿದರು. ಅಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ತಾಯಂದಿರು ಎಷ್ಟೋ. 2005ರಲ್ಲಿ, ಮತ್ತೆ 2019ರಲ್ಲಿ ಕೃಷ್ಣೆ ಉಕ್ಕಿ ಬಂದಾಗ ನದಿತೀರದ ಸಂಸಾರಗಳು ದನಕರುಗಳೊಡನೆ ಊರು ಬಿಟ್ಟವು. ಆ ರಾತ್ರಿಗಳನ್ನು ಕಂಡ ಅಜ್ಜಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಕಾಲೇಜಿಗೆ ಹೋಗುವ ಮೊಮ್ಮಕ್ಕಳು ಈ ರಜೆಯಲ್ಲಿ ಅವರ ಬಳಿ ಕುಳಿತು, ಒಂದು ವಹಿಯಲ್ಲಿ ಬರೆದುಕೊಳ್ಳಲಿ.