ಸರ್ವರ್ ನಿಂತರೆ ಹೊಣೆ ಯಾರದು?

ಜುಲೈ ತಿಂಗಳ ಕೊನೆಯ ವಾರ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರಗಳ ಸೇತು ಕೇಂದ್ರಗಳ ಮುಂದೆ ಬೆಳಗಿನಿಂದಲೇ ಸಾಲು ಹಚ್ಚುವ ರೈತರನ್ನು ಈ ಭಾಗದವರೆಲ್ಲ ಬಲ್ಲರು. ಸೋಯಾಬೀನು, ತೊಗರಿ, ಉದ್ದು ಬಿತ್ತಿದವರು ಬೆಳೆ ವಿಮೆಗೆ ಅರ್ಜಿ ಸಲ್ಲಿಸಬೇಕಾದ ಕಾಲವದು. ಮುಂಗಾರಿನ ಗಡುವು ಸಾಮಾನ್ಯವಾಗಿ ಜುಲೈ 31. ಅಂಥ ದಿನ ಕಿಟಕಿಯ ಆಚೆಯಿಂದ ‘ಸರ್ವರ್ ಡೌನ್ ಆಹೆ’ ಎಂಬ ಮೂರು ಮಾತು ಕೇಳಿಬಂದರೆ ಸಾಲಿನಲ್ಲಿದ್ದವರು ಮರುಪ್ರಶ್ನೆ ಹಾಕುವುದಿಲ್ಲ. ಮಳೆ ಬರಲಿಲ್ಲ ಎಂದಂತೆ ಅದನ್ನೂ ದೈವದ ಲೆಕ್ಕಕ್ಕೆ ಸೇರಿಸಿ, ನೆರಳು ಹುಡುಕಿ ಕುಳಿತುಬಿಡುತ್ತಾರೆ. ಮಹಾರಾಷ್ಟ್ರದಲ್ಲಿ ಒಂದು ರೂಪಾಯಿಯ ಬೆಳೆ ವಿಮೆ ಮೊದಲು ಜಾರಿಗೆ ಬಂದ 2023ರ ಮುಂಗಾರಿನಲ್ಲಿ ಗಡುವನ್ನು ಆಗಸ್ಟ್ 3ರವರೆಗೆ ವಿಸ್ತರಿಸಬೇಕಾಯಿತು. ಗಡುವು ವಿಸ್ತರಣೆಯನ್ನು ಸರ್ಕಾರದ ಔದಾರ್ಯವೆಂದು ಬಣ್ಣಿಸುವುದು ರೂಢಿ. ಆದರೆ ಮಳೆಗೆ ಕರಾರಿಲ್ಲ, ಸರ್ವರಿಗೆ ಕರಾರಿದೆ. ಅದು ಎಷ್ಟು ಹೊತ್ತು ಎಚ್ಚರವಿರಬೇಕು, ನಿಂತರೆ ಎಷ್ಟರೊಳಗೆ ಏಳಬೇಕು, ಏಳದಿದ್ದರೆ ಯಾರು ಎಷ್ಟು ದಂಡ ತೆರಬೇಕು ಎಂಬುದೆಲ್ಲ ಎಲ್ಲಿಯೋ ಒಂದು ಕಾಗದದ ಮೇಲೆ ಬರೆದಿರುತ್ತದೆ.

ಹಿಂದೆ ತಹಸೀಲ ಕಚೇರಿಯ ಮೂಲೆಯಲ್ಲಿ ಒಂದು ಗಣಕಯಂತ್ರ, ಅದರಲ್ಲಿ ಒಂದು ತಂತ್ರಾಂಶ ಇರುತ್ತಿತ್ತು. ಕೆಟ್ಟರೆ ಯಾವುದು ಕೆಟ್ಟಿತೆಂದು ಬೆರಳು ಮಾಡಿ ತೋರಿಸಬಹುದಿತ್ತು. ಇಂದಿನ ವ್ಯವಸ್ಥೆ ಹಾಗಿಲ್ಲ. ವಿಮೆಯ ಒಂದು ಅರ್ಜಿ ಮುಗಿಯಬೇಕಾದರೆ ಅರ್ಜಿದಾರನ ಗುರುತನ್ನು ಆಧಾರ್ ವ್ಯವಸ್ಥೆ ದೃಢಪಡಿಸಬೇಕು, ಹೊಲದ ವಿವರ ಸಾತ್‌ಬಾರಾದಿಂದ ಬರಬೇಕು, ಬ್ಯಾಂಕಿನ ಖಾತೆ ತಾಳೆಯಾಗಬೇಕು, ಹಣ ಪಾವತಿಯಾಗಬೇಕು, ಕೊನೆಗೆ ವಿಮೆಯ ಪೋರ್ಟಲ್ ಇದೆಲ್ಲವನ್ನೂ ಕೂಡಿಸಿ ರಸೀದಿ ಹೊರಡಿಸಬೇಕು. ಇವು ಬೇರೆ ಬೇರೆ ಇಲಾಖೆಗಳ, ಬೇರೆ ಬೇರೆ ಸಂಸ್ಥೆಗಳ ಸ್ವತಂತ್ರ ಸೇವೆಗಳು. ಒಂದು ಇನ್ನೊಂದನ್ನು ಕರೆದು ಕೇಳುತ್ತದೆ, ಉತ್ತರ ಪಡೆಯುತ್ತದೆ. ಸೇವಾಧಾರಿತ ತಂತ್ರಾಂಶವೆಂದು ಬಲ್ಲವರು ಕರೆಯುವುದು ಇದನ್ನೇ. ಈ ಸೇವೆಗಳಲ್ಲಿ ಹಲವು ಇಂದು ಇಲಾಖೆಯ ಸ್ವಂತ ಯಂತ್ರದ ಮೇಲಿಲ್ಲ, ಬಾಡಿಗೆಗೆ ಪಡೆದ ಕ್ಲೌಡ್ ಮೇಲಿವೆ. ಕೇಂದ್ರ ಸರ್ಕಾರದ ‘ಮೇಘರಾಜ್’ ಯೋಜನೆಯ ಕ್ಲೌಡ್ 2014ರಲ್ಲಿ ಆರಂಭವಾಯಿತು. ಮಹಾರಾಷ್ಟ್ರ ಸರ್ಕಾರ 2018ರ ಜನವರಿಯಲ್ಲಿ ತನ್ನದೇ ಸಾರ್ವಜನಿಕ ಕ್ಲೌಡ್ ನೀತಿಯನ್ನು ಪ್ರಕಟಿಸಿತು. ಖಾಸಗಿ ಕಂಪನಿಗಳ ಕ್ಲೌಡನ್ನು ಇಲಾಖೆಗಳು ಬಳಸಬೇಕಾದರೆ ಆ ಕಂಪನಿಗಳು ಕೇಂದ್ರ ಸಚಿವಾಲಯದ ಪಟ್ಟಿಯಲ್ಲಿರಬೇಕು, ಲೆಕ್ಕಪರಿಶೋಧನೆಗೆ ಒಳಪಟ್ಟಿರಬೇಕು.

ಬಾಡಿಗೆಯೆಂದ ಮೇಲೆ ಕರಾರು ಬಂದೇ ಬಂತು. ಕರಾರಿನ ಮರ್ಮ ಈ ನೆಲದವರಿಗೆ ಹೊಸದಲ್ಲ. ಯುಗಾದಿ ಪಾಡ್ಯದಂದು ಸಾಲಗಡಿಯನ್ನು ಗೊತ್ತುಮಾಡುವಾಗ ವರ್ಷಕ್ಕೆ ಇಷ್ಟು ರೊಕ್ಕ, ಇಷ್ಟು ಚೀಲ ಜೋಳ, ಧೋತರ, ಚಪ್ಪಲಿ ಎಂದು ನಾಲ್ಕು ಜನರ ಎದುರು ಮಾತಾಗುತ್ತದೆ. ಜಡ್ಡು ಬಿದ್ದರೆ ಹೇಗೆ, ಊರ ಜಾತ್ರೆಗೆ ಎಷ್ಟು ದಿನ ಬಿಡುವು, ನಡುವೆ ಬಿಟ್ಟುಹೋದರೆ ಮುಂಗಡದ ಗತಿಯೇನು ಎಂಬುದೂ ಆಗಲೇ ತೀರ್ಮಾನವಾಗಬೇಕು. ರಾಶಿಯ ಹೊತ್ತಿನಲ್ಲಿ ಕೈಕೊಟ್ಟ ಆಳು ಉಳಿದ ಹನ್ನೊಂದು ತಿಂಗಳು ದುಡಿದರೂ ಫಲವಿಲ್ಲವೆಂಬುದನ್ನು ಯಾವ ಒಕ್ಕಲಿಗನಿಗೂ ಯಾರೂ ಕಲಿಸಬೇಕಾಗಿಲ್ಲ. ವಿಚಿತ್ರವೆಂದರೆ ಕೋಟಿಗಟ್ಟಲೆ ರೂಪಾಯಿಯ ತಂತ್ರಾಂಶ ಕರಾರುಗಳಲ್ಲಿ ಬಹಳ ಸಲ ಮರೆತುಹೋಗುವುದು ಈ ಒಂದು ವಿವೇಕವೇ.

ಲೆಕ್ಕ ಹಾಕಿ ನೋಡಬಹುದು. ಒಂದು ಸೇವೆ ಶೇಕಡಾ 99.5ರಷ್ಟು ಹೊತ್ತು ಲಭ್ಯವಿರಬೇಕೆಂದು ಕರಾರಾಗಿದೆ ಎಂದುಕೊಳ್ಳೋಣ. ಕೇಳಲು ಬಹು ದೊಡ್ಡ ಮಾತು. ಪರೀಕ್ಷೆಯಲ್ಲಿ ಅಷ್ಟು ಅಂಕ ಬಂದರೆ ಊರೆಲ್ಲ ಪೇಢೆ ಹಂಚುತ್ತಾರೆ. ಜುಲೈ ತಿಂಗಳಿನಲ್ಲಿ 744 ಗಂಟೆಗಳಿವೆ. ಅದರ ಅರ್ಧ ಶೇಕಡಾ ಎಂದರೆ 3 ಗಂಟೆ 43 ನಿಮಿಷ. ಇಷ್ಟು ಹೊತ್ತು ನಿಂತರೂ ಕರಾರು ಮುರಿದಂತಾಗುವುದಿಲ್ಲ. ಲೆಕ್ಕವನ್ನು ತಿಂಗಳಿಗಲ್ಲ, ವರ್ಷಕ್ಕೆ ಹಿಡಿಯಬೇಕೆಂದು ಕರಾರಿನಲ್ಲಿ ಬರೆದಿದ್ದರೆ ಆ ಅವಧಿ ಸುಮಾರು 44 ಗಂಟೆಗಳಿಗೇರುತ್ತದೆ. ಜುಲೈ 30 ಮತ್ತು 31ರಂದು ಹೆಚ್ಚುಕಡಿಮೆ ಎರಡು ದಿನ ಪೂರ್ತಿ ನಿಂತು, ವರ್ಷದ ಉಳಿದ ದಿನಗಳಲ್ಲಿ ನೆಟ್ಟಗೆ ನಡೆದ ಸೇವೆಗೆ ಕಾಗದದ ಮೇಲೆ ಪೂರ್ಣ ಅಂಕ. ‘ಪೂರ್ವಯೋಜಿತ ದುರಸ್ತಿ’ಯ ಹೊತ್ತನ್ನು ಲೆಕ್ಕದಿಂದ ಹೊರಗಿಡುವ ಷರತ್ತೂ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಅದು ಒಂದು ಸೇವೆಯ ಮಾತಾಯಿತು. ಮೇಲೆ ಹೇಳಿದ ಐದು ಕೊಂಡಿಗಳಲ್ಲಿ ಪ್ರತಿಯೊಂದಕ್ಕೂ 99.5ರ ಕರಾರಿದ್ದು, ಒಂದೊಂದು ಒಂದೊಂದು ಹೊತ್ತಿನಲ್ಲಿ ನಿಂತರೆ ಇಡೀ ಸರಪಳಿ ಲಭ್ಯವಿರುವುದು ಶೇಕಡಾ 97.5ರಷ್ಟು ಹೊತ್ತು ಮಾತ್ರ. ಎಂದರೆ ಜುಲೈ ಒಂದರಲ್ಲೇ ಹದಿನೆಂಟು ಗಂಟೆಗೂ ಮಿಕ್ಕಿ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಐವರೂ ತಂತಮ್ಮ ಕರಾರನ್ನು ಪಾಲಿಸಿರುತ್ತಾರೆ, ಐವರ ವರದಿಯೂ ಚೊಕ್ಕವಾಗಿರುತ್ತದೆ. ಕಿಟಕಿಯ ಈಚೆ ನಿಂತವನ ಕೆಲಸ ಮಾತ್ರ ಆಗಿರುವುದಿಲ್ಲ. ಅಳೆಯುವ ಜಾಗವೂ ಇಲ್ಲಿ ಮುಖ್ಯ. ಕಂಪನಿ ತನ್ನ ದತ್ತಾಂಶ ಕೇಂದ್ರದ ಬಾಗಿಲಲ್ಲಿ ನಿಂತು ‘ಯಂತ್ರ ಎಚ್ಚರವಿದೆಯೇ’ ಎಂದು ನೋಡಿ ಹೌದೆನ್ನುತ್ತದೆ. ರೈತನ ಪ್ರಶ್ನೆ ಅದಲ್ಲ, ‘ರಸೀದಿ ಬಂತೇ’ ಎಂಬುದು. ಈ ಎರಡು ಅಳತೆಗಳ ನಡುವೆ ಒಂದು ಜಿಲ್ಲೆಯೇ ಮುಳುಗುವಷ್ಟು ಅಂತರವಿದೆ.

ಬೆಳೆ ವಿಮೆಯನ್ನು ಸದ್ಯಕ್ಕೆ ಬದಿಗಿಟ್ಟು ವರ್ಷವಿಡೀ ಬೇಕಾಗುವ ದಾಖಲೆಗಳತ್ತ ನೋಡಿದರೆ ಇನ್ನೊಂದು ಬಗೆಯ ಕರಾರು ಕಣ್ಣಿಗೆ ಬೀಳುತ್ತದೆ. ಇದು ಸರ್ಕಾರ ಪ್ರಜೆಗೆ ಕೊಟ್ಟ ಮಾತು. ಮಹಾರಾಷ್ಟ್ರ ಲೋಕಸೇವಾ ಹಕ್ಕು ಕಾಯ್ದೆ 2015ರಲ್ಲಿ ಬಂತು. ಅದರ ಮುಖವೇ ‘ಆಪಲೇ ಸರಕಾರ್’ ಪೋರ್ಟಲ್. ಅಧಿಸೂಚಿತ ಸೇವೆಯೊಂದು ಗೊತ್ತುಪಡಿಸಿದ ದಿನಗಳಲ್ಲಿ ಸಿಗದಿದ್ದರೆ ಅರ್ಜಿದಾರ ಇಲಾಖೆಯೊಳಗೆ ಎರಡು ಮೇಲ್ಮನವಿ ಸಲ್ಲಿಸಬಹುದು. ಮೂರನೆಯದು ಸೇವಾ ಹಕ್ಕು ಆಯೋಗಕ್ಕೆ. ತಪ್ಪಿತಸ್ಥ ಅಧಿಕಾರಿಗೆ 500ರಿಂದ 5,000 ರೂಪಾಯಿಯವರೆಗೆ ದಂಡ. ಗಡಿಯಾಚೆ ಕರ್ನಾಟಕದಲ್ಲಿ ಇದಕ್ಕೂ ಮೊದಲೇ, 2012ರ ಏಪ್ರಿಲ್‌ನಿಂದ, ‘ಸಕಾಲ’ ನಡೆಯುತ್ತಿದೆ. ಅಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಅರ್ಜಿದಾರನ ಕೈಗೇ ಸಲ್ಲಬೇಕೆಂಬ ನಿಯಮವಿದೆ. ಉದಗೀರದಲ್ಲಿ ಮನೆ, ಭಾಲ್ಕಿ ಅಥವಾ ಔರಾದ ಕಡೆ ಹೊಲ ಇರುವ ಕುಟುಂಬಗಳು, ಉಮರ್ಗಾದಿಂದ ಬಸವಕಲ್ಯಾಣಕ್ಕೆ ಪಹಣಿ ತೆಗೆಸಲು ಹೋಗುವವರು ಈ ಎರಡೂ ಪದ್ಧತಿಗಳ ರುಚಿ ಕಂಡವರು. ಮೊತ್ತ ಸಣ್ಣದೇ ಇರಬಹುದು, ಆದರೆ ಕಾದವನಿಗೆ ಹಣ ಸಲ್ಲಬೇಕೆಂಬ ತತ್ತ್ವದಲ್ಲಿ ಕರ್ನಾಟಕದ ಕಾಯ್ದೆ ಒಂದು ಹೆಜ್ಜೆ ಮುಂದಿದೆ ಎನ್ನದೆ ವಿಧಿಯಿಲ್ಲ.

ಈ ಎರಡು ಕರಾರುಗಳು ಒಂದನ್ನೊಂದು ಮಾತನಾಡಿಸುವುದಿಲ್ಲ, ತೊಡಕಿರುವುದು ಇಲ್ಲಿಯೇ. ಕಾಯ್ದೆ ದಂಡ ಹೇಳುವುದು ‘ಸಾಕಷ್ಟು ಹಾಗೂ ಸಮಂಜಸ ಕಾರಣವಿಲ್ಲದೆ’ ಸೇವೆ ತಪ್ಪಿಸಿದ ಅಧಿಕಾರಿಗೆ. ಸರ್ವರ್ ನಿಂತಿತ್ತೆಂಬುದು ತಲಾಠಿಯ ಮಟ್ಟಿಗೆ ಸಮಂಜಸ ಕಾರಣವಲ್ಲದೆ ಮತ್ತೇನು? ಅವನ ಕೈಯಲ್ಲಿ ಏನೂ ಇರಲಿಲ್ಲ. ಹಾಗೆ ಅಧಿಕಾರಿ ಪಾರಾದನೆಂದರೆ ಹೊಣೆ ಕಂಪನಿಯ ಕಡೆ ಹೊರಳಬೇಕು. ಆದರೆ ಕಂಪನಿಯ ಕರಾರು ಇಲಾಖೆಯೊಂದಿಗೆ, ಪ್ರಜೆಯೊಂದಿಗಲ್ಲ. ಲಭ್ಯತೆ ಇಳಿದರೆ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತವಾಗುತ್ತದೆ, ಆ ಹಣ ಇಲಾಖೆಯಲ್ಲಿ ಉಳಿಯುತ್ತದೆ. ಮೂರು ಸಲ ಬಸ್ಸಿನ ಚಾರ್ಜು ಕೊಟ್ಟು, ಮೂರು ದಿನದ ಕೂಲಿ ಕಳೆದುಕೊಂಡು ಬಂದವನ ಹೆಸರು ಎರಡೂ ಕಾಗದಗಳಲ್ಲಿ ಇಲ್ಲ. ನಿಂತ ಪ್ರತಿ ಗಳಿಗೆಯನ್ನೂ ಬಾಧಿತ ಅರ್ಜಿಗಳ ಸಂಖ್ಯೆಯೊಡನೆ ಗುರುತಿಟ್ಟು, ಅದೇ ದಾಖಲೆಯನ್ನು ಮೇಲ್ಮನವಿ ಅಧಿಕಾರಿಯ ಮುಂದೆಯೂ ಕಂಪನಿಯ ಬಿಲ್ಲಿನ ಮುಂದೆಯೂ ಇಡುವುದು ತಾಂತ್ರಿಕವಾಗಿ ಕಠಿಣವಲ್ಲ. ಕೊಂಡಿ ಹಾಕಬೇಕೆಂಬ ಮನಸ್ಸು ಬೇಕು, ಕೊಂಡಿಗೆ ಒಬ್ಬ ಯಜಮಾನ ಬೇಕು.

ಯಜಮಾನಿಕೆಯ ಈ ಪ್ರಶ್ನೆಗೇ ತಂತ್ರಾಂಶದವರು ‘ಗವರ್ನನ್ಸ್’ ಎಂಬ ಭಾರೀ ಹೆಸರಿಟ್ಟಿದ್ದಾರೆ. ಯಾವ ಯಾವ ಸೇವೆಗಳು ಚಾಲ್ತಿಯಲ್ಲಿವೆ, ಒಂದೊಂದರ ಒಡೆಯರು ಯಾರು, ಅದನ್ನು ನೆಚ್ಚಿಕೊಂಡವರು ಯಾರು ಎಂಬ ವಹಿ ಇಡುವುದು ಅದರ ಮೊದಲ ಕೆಲಸ. ಬದಲಾವಣೆಯ ಶಿಸ್ತು ಅದರ ಬೆನ್ನಿಗೇ ಬರುತ್ತದೆ. ಭೂದಾಖಲೆಯ ಸೇವೆ ತಾನು ಕೊಡುವ ಉತ್ತರದ ನಮೂನೆಯನ್ನು ಒಂದು ರಾತ್ರಿ ಬದಲಿಸಿದರೆ, ಬೆಳಗ್ಗೆ ಅದನ್ನು ನೆಚ್ಚಿದ ಹತ್ತು ಪೋರ್ಟಲ್‌ಗಳು ಕೈಚೆಲ್ಲುತ್ತವೆ. ಹೀಗಾಗಬಾರದೆಂದೇ ಭಾರತ ಸರ್ಕಾರದ 2015ರ ಮುಕ್ತ ಎಪಿಐ ನೀತಿ ಹೊಸ ಆವೃತ್ತಿ ಬಂದಾಗ ಹಿಂದಿನ ಎರಡು ಆವೃತ್ತಿಗಳಾದರೂ ನಡೆಯುವಂತಿರಬೇಕೆಂದು ಹೇಳುತ್ತದೆ. ನೀತಿ ಚೆನ್ನಾಗಿದೆ. ಪಾಲಿಸದಿದ್ದರೆ ಏನಾಗುತ್ತದೆಂಬುದನ್ನು ನೀತಿಗಳು ಹೇಳುವುದಿಲ್ಲ, ಕರಾರುಗಳು ಹೇಳಬೇಕು.

ಕರಾರಿನಲ್ಲಿ ಯಾರೂ ಓದದ ಇನ್ನೊಂದು ಪುಟವಿದೆ. ಆಪತ್ತಿನ ಪುಟ. ಅದರ ಬೆಲೆಯನ್ನು ಈ ಸೀಮೆಗಿಂತ ಚೆನ್ನಾಗಿ ಬಲ್ಲವರು ವಿರಳ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ಔಸಾ, ಉಮರ್ಗಾ ತಾಲೂಕುಗಳ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ, ಭೂಕಂಪದ ನಕಾಶೆ ಈ ನೆಲವನ್ನು ಅತ್ಯಂತ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿರಿಸಿತ್ತು. 52 ಹಳ್ಳಿಗಳನ್ನು ಬೇರೆಡೆ ಕಟ್ಟಬೇಕಾಯಿತು. ನಕಾಶೆ ತಿದ್ದುಪಡಿಯಾಗಿ ಈ ಭಾಗ ಮೂರನೆಯ ವಲಯಕ್ಕೆ ಸೇರಿದ್ದು ಆನಂತರ. ದತ್ತಾಂಶದ ಇನ್ನೊಂದು ಪ್ರತಿಯನ್ನು ಬೇರೆ ಭೂಕಂಪ ವಲಯದಲ್ಲಿಡಬೇಕೆಂದು ಒಳ್ಳೆಯ ಕರಾರುಗಳು ಹೇಳುವುದು ಸುಮ್ಮನಲ್ಲ. ಎರಡು ಅಂಕಿಗಳು ಅಲ್ಲಿ ಸ್ಪಷ್ಟವಾಗಿರಬೇಕು: ಆಪತ್ತಿನ ನಂತರ ಎಷ್ಟು ಹೊತ್ತಿನಲ್ಲಿ ಸೇವೆ ಮರಳಬೇಕು, ಮತ್ತು ಕೊನೆಯ ಎಷ್ಟು ಹೊತ್ತಿನ ದಾಖಲೆ ಕಳೆದುಹೋದರೆ ಸಹಿಸಬಹುದು. ಹದಿನೈದು ನಿಮಿಷದ ದಾಖಲೆ ಹೋದರೆ ಕೆಲವರು ಮತ್ತೆ ಅರ್ಜಿ ಬರೆಯುತ್ತಾರೆ. ಒಂದು ವಾರದ ಫೇರಫಾರ ಹೋದರೆ ಹೊಲ ಯಾರದೆಂಬುದೇ ವ್ಯಾಜ್ಯಕ್ಕೆ ಬೀಳುತ್ತದೆ.

ಬಡ ದೇಶಗಳ ಪಾಡಷ್ಟೇ ಇದು ಎಂದುಕೊಳ್ಳಬೇಕಾಗಿಲ್ಲ. ತಂತ್ರಜ್ಞಾನದಲ್ಲಿ ಮುಂಚೂಣಿಯಲ್ಲಿರುವ ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಬಿತ್ತು. 709 ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್ ಉಗ್ರಾಣದ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಅದಕ್ಕೆ ಹೊರಗೆಲ್ಲಿಯೂ ಪ್ರತಿ ಇರಲಿಲ್ಲ.

ಕರಾರು ಮುಗಿದಾಗ ದತ್ತಾಂಶ ಯಾರದು, ಯಾವ ರೂಪದಲ್ಲಿ ಮರಳಬೇಕು ಎಂಬುದು ಕೊನೆಯ ಷರತ್ತು. ಈ ಮೂರು ತಾಲೂಕುಗಳಲ್ಲಿ ಎರಡರ ಚರಿತ್ರೆಯೇ ಅದಕ್ಕೆ ಭಾಷ್ಯ ಬರೆದಿದೆ. ನಿಲಂಗಾ, ಉದಗೀರಗಳು ನಿಜಾಮರ ಆಳ್ವಿಕೆಯಲ್ಲಿ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಅಹಮದಪುರದೊಡನೆ ಮುಂಬಯಿ ರಾಜ್ಯದ ಉಸ್ಮಾನಾಬಾದಿಗೆ ಸೇರಿದವು. 1982ರ ಆಗಸ್ಟ್ 16ರಿಂದ ಲಾತೂರು ಜಿಲ್ಲೆ. ಹೊಲ ಕದಲಲಿಲ್ಲ, ಅದರ ಕಾಗದ ಮೂರು ಜಿಲ್ಲೆಗಳನ್ನು ಕಂಡಿತು. ನಿಜಾಮರ ಕಾಲದ ಉರ್ದು ದಾಖಲೆ, ಮೋಡಿ ಲಿಪಿಯ ಕಡತ, ಹೈದರಾಬಾದು ರಾಜ್ಯದ ಖಾಸರಾ ಪಹಣಿ ಇವೆಲ್ಲ ಇಂದಿಗೂ ನ್ಯಾಯಾಲಯಗಳಲ್ಲಿ ಬೇಕಾಗುತ್ತವೆ. ಮರಾಠಾ-ಕುಣಬಿ ನಮೂದುಗಳನ್ನು ಹುಡುಕಲು 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಹೊರಟಾಗ ಮರಾಠವಾಡದ ಕಚೇರಿಗಳು ಉರ್ದು, ಮೋಡಿ ಓದಬಲ್ಲವರನ್ನು ಅರಸಬೇಕಾಯಿತು. ಕಾಗದ ಉಳಿದಿತ್ತು, ಓದುವ ಕಣ್ಣು ವಿರಳವಾಗಿತ್ತು. ಒಂದು ಕಂಪನಿಯ ತಂತ್ರಾಂಶ ಮಾತ್ರ ಓದಬಲ್ಲ ರೂಪದಲ್ಲಿ ಇಂದಿನ ಸಾತ್‌ಬಾರಾ ಉಳಿದರೆ ಅದು ನಾಳಿನ ಮೋಡಿ ಲಿಪಿ. ಎಲ್ಲರೂ ಓದಬಲ್ಲ ನಮೂನೆಯಲ್ಲಿ, ಇಂತಿಷ್ಟು ದಿನದಲ್ಲಿ, ಹೆಚ್ಚಿನ ಹಣ ಕೇಳದೆ ದತ್ತಾಂಶವನ್ನು ಹಿಂತಿರುಗಿಸಬೇಕೆಂಬುದು ಸಹಿಯ ದಿನವೇ ಬರೆದಿರಬೇಕಾದ ಮಾತು. ಬಿಟ್ಟುಹೋಗುವ ದಿನ ಚೌಕಾಶಿ ಮಾಡುವಷ್ಟು ಬಲ ಇಲಾಖೆಯ ಕೈಯಲ್ಲಿ ಉಳಿದಿರುವುದಿಲ್ಲ.

ಈ ಕರಾರುಗಳನ್ನು ಸಾಮಾನ್ಯರು ನೋಡಬಹುದೇ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇಲಾಖೆಯನ್ನು ಕೇಳಬಹುದು. ವ್ಯಾಪಾರದ ಗೋಪ್ಯತೆಯ ನೆಪದಲ್ಲಿ ದರದ ಪುಟವನ್ನು ತಡೆಹಿಡಿಯಬಹುದು, ಆದರೆ ತಿಂಗಳು ತಿಂಗಳಿನ ಲಭ್ಯತೆಯ ವರದಿ, ಕಡಿತ ಮಾಡಿದ ದಂಡದ ಮೊತ್ತ, ಕೊನೆಯ ಸಲ ಆಪತ್ತಿನ ತಾಲೀಮು ನಡೆದ ದಿನಾಂಕ ಇವುಗಳಲ್ಲಿ ಗೋಪ್ಯವೇನೂ ಇರಲಾರದು. ಉತ್ತರಕ್ಕೆ 30 ದಿನಗಳ ಅವಧಿ. ಕನ್ನಡಿಗರಿಗೆ ಇಲ್ಲೊಂದು ಅಡಚಣೆಯಿದೆ: ಮಾಹಿತಿ ಹಕ್ಕಿನ ಅರ್ಜಿ ಇಂಗ್ಲಿಷ್, ಹಿಂದಿ ಇಲ್ಲವೇ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು, ಎಂದರೆ ಇಲ್ಲಿ ಮರಾಠಿ. ಕುಂದುಕೊರತೆಯ ಮನವಿಯ ಮಾತು ಬೇರೆ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅದನ್ನು ಯಾವ ಅಧಿಕಾರಿಗಾದರೂ ಸಲ್ಲಿಸಬಹುದು. ಸರ್ವರ್ ನಿಂತ ದಿನ, ಗಂಟೆ, ಅರ್ಜಿಯ ಸಂಖ್ಯೆ, ಕೇಂದ್ರದ ಹೆಸರು ಇಷ್ಟನ್ನು ಕನ್ನಡದಲ್ಲಿಯೇ ಬರೆದು ತಹಸೀಲ ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು, ಪ್ರತಿಯ ಮೇಲೆ ಶಿಕ್ಕೆ ಹಾಕಿಸಿಕೊಳ್ಳಬಹುದು.